ಸದ್ದು ಬಂತು, ಗುರುತು ಸಿಗಲಿಲ್ಲ

ಮೈಸೂರಿನ ಸರಸ್ವತಿಪುರಂನಲ್ಲಿರುವ ನನ್ನ ಸೋದರಮಾವನ ಮನೆಯಲ್ಲಿ ಟೀಪಾಯಿಯ ಮೇಲೆ ನಾಲ್ಕು ರಿಮೋಟ್‌ಗಳು ಸಾಲಾಗಿ ಮಲಗಿರುತ್ತಿದ್ದವು. ಟಿ.ವಿ.ಯದು, ಸೆಟ್‌ಟಾಪ್ ಬಾಕ್ಸಿನದು, ಸಿ.ಡಿ. ಪ್ಲೇಯರಿನದು, ಆಂಪ್ಲಿಫೈಯರಿನದು. ಅತ್ತೆಯ ಕಣ್ಣಿಗೆ ಪೊರೆ ಬಂದಮೇಲೆ ನಾಲ್ಕೂ ಒಂದೇ ಥರ ಕಾಣತೊಡಗಿದವು. ವಿಷಯ ತಿಳಿದ ಅವರ ಮಗ, ಅಮೆರಿಕದಲ್ಲಿ ತಾನು ಬಳಸಿ ಎತ್ತಿಟ್ಟಿದ್ದ ಪ್ರೋಗ್ರಾಮೆಬಲ್ ರಿಮೋಟೊಂದನ್ನು ಊರಿಗೆ ಬಂದಾಗ ತಂದುಕೊಟ್ಟು ಹೋದ. ಅದನ್ನು ಕಂಪ್ಯೂಟರಿಗೆ ಜೋಡಿಸಿ ಮನೆಯ ನಾಲ್ಕೂ ಯಂತ್ರಗಳ ಭಾಷೆಯನ್ನು ಒಮ್ಮೆ ತುಂಬಿಸಿಟ್ಟರೆ ಸಾಕು, ಆಮೇಲೆ ಒಂದೇ ಬಟನ್ನಿಗೆ ಎಲ್ಲವೂ ಏಳುತ್ತವೆ, ಒಂದೇ ಬಟನ್ನಿಗೆ ಮಲಗುತ್ತವೆ.

ಜೋಡಿಸುವುದೇ ಆಗಲಿಲ್ಲ. “ಮೂರು ದಿನದಿಂದ ಒದ್ದಾಡ್ತಾ ಇದೀನಮ್ಮ, ಕಂಪ್ಯೂಟರ್ ಇದನ್ನ ಕಣ್ಣೆತ್ತಿಯೂ ನೋಡ್ತಾ ಇಲ್ಲ” ಎಂದು ಮಾವ ಫೋನ್ ಮಾಡಿದರು. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು ಅವರು. ಹಿಡಿದ ಕೆಲಸ ಬಿಡುವವರಲ್ಲ. ಆ ಮೂರು ದಿನದಲ್ಲಿ ತಂತ್ರಾಂಶವನ್ನು ಎರಡು ಸಲ ತೆಗೆದುಹಾಕಿ ಮತ್ತೆ ಕೂರಿಸಿದ್ದರು, ರಿಮೋಟಿನ ಸೆಲ್ ಬದಲಾಯಿಸಿದ್ದರು, ಆಂಟಿವೈರಸ್ ನಿಲ್ಲಿಸಿ ನೋಡಿದ್ದರು, ಲ್ಯಾಪ್‌ಟಾಪನ್ನು ಎಷ್ಟು ಸಲ ರೀಸ್ಟಾರ್ಟ್ ಮಾಡಿದ್ದರೋ ಲೆಕ್ಕವಿಲ್ಲ. ಎಲ್ಲಿಯತನಕ ಸರಿಯಿದೆ ಎಂದು ಮಾತ್ರ ಕೇಳಿಕೊಂಡಿರಲಿಲ್ಲ. ಕೆಟ್ಟ ಸಂಪರ್ಕದ ಮುಂದೆ ಕೂತವರು ಮೊದಲು ಕೇಳಬೇಕಾದ ಪ್ರಶ್ನೆ ಅದೇ ಎಂದು ನಾನು ನಂಬಿದ್ದೇನೆ. ಎಲ್ಲಿ ಕೆಟ್ಟಿದೆ ಎಂದು ಹುಡುಕಹೊರಟರೆ ನೂರು ಕಡೆ ಕೈಹಾಕಬೇಕಾಗುತ್ತದೆ. ಎಲ್ಲಿಯತನಕ ಸರಿಯಿದೆ ಎಂದು ನೋಡುತ್ತ ಹೋದರೆ ಒಂದಲ್ಲ ಒಂದು ಹೆಜ್ಜೆಯಲ್ಲಿ ಕಾಲು ತಾನಾಗಿ ನಿಲ್ಲುತ್ತದೆ.

ಭಾನುವಾರ ಹೋದೆ. ಮಾವ ಕೇಬಲ್ ಚುಚ್ಚಿ ತೋರಿಸಿದರು. ರಿಮೋಟಿನ ಪುಟ್ಟ ಪರದೆ ಬೆಳಗಿತು. ಲ್ಯಾಪ್‌ಟಾಪ್ ಮಾತ್ರ ಕಮಕ್ ಕಿಮಕ್ ಎನ್ನಲಿಲ್ಲ. ಹೊಸ ಸಾಧನವೊಂದು ಸಿಕ್ಕಿಕೊಂಡಾಗ ವಿಂಡೋಸ್ ಮಾಡುವ ಆ ಎರಡು ಸ್ವರದ ಸದ್ದೂ ಇಲ್ಲ.

“ಲೈಟ್ ಹತ್ತುತ್ತೆ ನೋಡು. ಅಂದ್ಮೇಲೆ ಕೇಬಲ್ ಸರಿ ಇದೆ ತಾನೇ?”

ಈ ಮಾತನ್ನು ನಾನು ಎಷ್ಟೋ ಮನೆಗಳಲ್ಲಿ ಕೇಳಿದ್ದೇನೆ, ಮತ್ತು ಎಷ್ಟೋ ಜನರ ಭಾನುವಾರಗಳು ಇದೇ ಮಾತಿನಿಂದ ಹಾಳಾಗಿರುವುದನ್ನು ಕಂಡಿದ್ದೇನೆ. ಯುಎಸ್‌ಬಿ ಕೇಬಲ್ಲಿನ ಸಿಪ್ಪೆ ಸುಲಿದು ನೋಡಿದರೆ ಒಳಗೆ ನಾಲ್ಕು ತಂತಿಗಳಿರುತ್ತವೆ. ಕೆಂಪು ತಂತಿ 5 ವೋಲ್ಟ್ ವಿದ್ಯುತ್ತನ್ನು ಹೊತ್ತು ತರುತ್ತದೆ, ಕಪ್ಪು ತಂತಿ ಅದನ್ನು ವಾಪಸು ಒಯ್ಯುತ್ತದೆ. ಇವೆರಡು ಅನ್ನ ಬಡಿಸುವ ತಂತಿಗಳು. ಮಾತಾಡುವ ತಂತಿಗಳು ಬೇರೆಯೇ ಇವೆ. ಹಸಿರು ಮತ್ತು ಬಿಳಿ ಬಣ್ಣದ ಅವು ಒಂದಕ್ಕೊಂದು ಹೆಣೆದುಕೊಂಡು ಹೋಗುತ್ತವೆ. ಹಸಿರಿಗೆ ‘ಡಿ ಪ್ಲಸ್’ ಎಂದು ಹೆಸರು, ಬಿಳಿಗೆ ‘ಡಿ ಮೈನಸ್’. ಬರೀ ಚಾರ್ಜ್ ಮಾಡುವುದಕ್ಕೆಂದು ಮಾರುವ ಅಗ್ಗದ ಕೇಬಲ್‌ಗಳಲ್ಲಿ ಈ ಎರಡನೆಯ ಜೋಡಿಯೇ ಇರುವುದಿಲ್ಲ. ಹೊರಗಿನಿಂದ ನೋಡಿದರೆ ಎರಡೂ ಬಗೆಯ ಕೇಬಲ್ ಒಂದೇ ಥರ. ಮಾವನ ಕೈಯಲ್ಲಿದ್ದದ್ದು ಯಾವುದೋ ಬ್ಲೂಟೂತ್ ಸ್ಪೀಕರಿನ ಜೊತೆ ಬಂದಿದ್ದ ಕೇಬಲ್. ಅದರ ಒಂದು ತುದಿಗೆ ಮಲ್ಟಿಮೀಟರಿನ ಕಡ್ಡಿ ಮುಟ್ಟಿಸಿ, ಇನ್ನೊಂದು ತುದಿಯ ಸಣ್ಣ ಪಿನ್ನುಗಳಿಗೆ ಕಡ್ಡಿ ತಲುಪದೆ ಅತ್ತೆಯ ಗುಂಡುಸೂಜಿಯೊಂದನ್ನು ನಡುವೆ ಹಿಡಿದು ನೋಡಿದೆ. ಮೊದಲನೆಯ ಮತ್ತು ಕೊನೆಯ ಪಿನ್ನಿಗೆ ಮೀಟರು ಕೂಗಿತು. ನಡುವಿನವುಗಳಿಗೆ ಕೂಗಲಿಲ್ಲ. ಮೂರು ದಿನವೂ ಮಾವ ರಿಮೋಟಿಗೆ ಊಟ ಬಡಿಸುತ್ತಲೇ ಇದ್ದರು; ಮಾತು ತಲುಪುವುದಕ್ಕೆ ದಾರಿಯೇ ಇರಲಿಲ್ಲ.

ಅವರ ಹಳೆಯ ಡಿಜಿಟಲ್ ಕ್ಯಾಮೆರಾದ ಚೀಲದಲ್ಲಿ ಅದೇ ಮೂತಿಯ ಇನ್ನೊಂದು ಕೇಬಲ್ ಸಿಕ್ಕಿತು. ಅದನ್ನು ರಿಮೋಟಿಗೆ ಹಾಕುವ ಮುಂಚೆ ಕ್ಯಾಮೆರಾಕ್ಕೇ ಹಾಕಿ ಲ್ಯಾಪ್‌ಟಾಪಿಗೆ ಚುಚ್ಚಿದೆ. ಅವರ ಮೊಮ್ಮಗಳ ನಾಮಕರಣದ ಫೋಟೋಗಳು ಪರದೆಯ ಮೇಲೆ ತೆರೆದುಕೊಂಡವು. ಅಲ್ಲಿಗೆ ಈ ಕೇಬಲ್ಲೂ ಲ್ಯಾಪ್‌ಟಾಪಿನ ಆ ಪೋರ್ಟೂ ಸರಿಯಿವೆ ಎಂದು ಖಾತ್ರಿಯಾಯಿತು. ಪೋರ್ಟನ್ನೂ ಕೇಬಲ್ಲನ್ನೂ ಕೈಯಾಡಿಸದೆ, ಕ್ಯಾಮೆರಾ ತೆಗೆದು ರಿಮೋಟನ್ನಷ್ಟೇ ಕೂರಿಸಿದೆ. ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡನ್ನು ಒಟ್ಟಿಗೆ ಬದಲಾಯಿಸಿದರೆ, ಸರಿಹೋದರೂ ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ.

ಈ ಸಲ ಸದ್ದು ಬಂತು. ಮಾವನ ಮುಖ ಅರಳಿತು. ಮರುಕ್ಷಣ ಪರದೆಯ ಮೂಲೆಯಲ್ಲಿ ಚೀಟಿಯೊಂದು ಮೇಲೆದ್ದಿತು: ‘ಯುಎಸ್‌ಬಿ ಡಿವೈಸ್ ನಾಟ್ ರೆಕಗ್ನೈಸ್ಡ್’. ಡಿವೈಸ್ ಮ್ಯಾನೇಜರ್ ತೆರೆದರೆ ಹಳದಿ ತ್ರಿಕೋನದ ಪಕ್ಕದಲ್ಲಿ ‘ಡಿವೈಸ್ ಡಿಸ್ಕ್ರಿಪ್ಟರ್ ರಿಕ್ವೆಸ್ಟ್ ಫೇಲ್ಡ್’ ಎಂಬ ಸಾಲು, ಒಳಗೆ ಕೋಡ್ 43. ಮಾವನಿಗೆ ನಿರಾಸೆಯಾಯಿತು. ನನಗೆ ಮಾತ್ರ ಜೀವ ಬಂದಂತಾಯಿತು. ಪೂರ್ತಿ ಮೌನದಿಂದ ಅರ್ಧ ಮಾತಿಗೆ ಬಂದಿದ್ದೆವು, ಮತ್ತು ಅರ್ಧ ಮಾತಿನಲ್ಲಿ ಸುಳಿವುಗಳು ತುಂಬಿರುತ್ತವೆ.

ಕಂಪ್ಯೂಟರಿಗೂ ರಿಮೋಟಿಗೂ ಆ ಒಂದೆರಡು ಸೆಕೆಂಡಿನಲ್ಲಿ ಏನು ನಡೆಯುತ್ತದೆ ಎನ್ನುವುದನ್ನು ಇಲ್ಲಿ ಬಿಡಿಸಿ ಹೇಳಬೇಕು. ಮಾವನಿಗೆ ನಾನು ಹೇಳಿದ್ದು ಶಾಲೆಯ ಹಾಜರಿಯ ಲೆಕ್ಕದಲ್ಲಿ. ಯುಎಸ್‌ಬಿಯಲ್ಲಿ ಕಂಪ್ಯೂಟರೇ ಮೇಷ್ಟ್ರು. ಕೇಳದೆ ಯಾರೂ ಬಾಯಿ ತೆರೆಯುವಂತಿಲ್ಲ. ತರಗತಿಯಲ್ಲಿ 127 ಮಕ್ಕಳ ತನಕ ಇರಬಹುದು, ಪ್ರತಿಯೊಬ್ಬರಿಗೂ 1ರಿಂದ 127ರವರೆಗೆ ಒಂದು ಕ್ರಮಸಂಖ್ಯೆ. ಹೊಸದಾಗಿ ಬಾಗಿಲಿಗೆ ಬಂದವರ ಸಂಖ್ಯೆ ಮಾತ್ರ ಯಾವಾಗಲೂ ಸೊನ್ನೆ.

ಬಾಗಿಲಿಗೆ ಯಾರೋ ಬಂದಿದ್ದಾರೆಂದು ಮೇಷ್ಟ್ರಿಗೆ ಗೊತ್ತಾಗುವ ಬಗೆ ನನಗೆ ಇಡೀ ಯುಎಸ್‌ಬಿಯಲ್ಲೇ ಬಹಳ ಇಷ್ಟವಾದದ್ದು, ಏಕೆಂದರೆ ಅದು ತೀರಾ ಸರಳ. ಕಂಪ್ಯೂಟರಿನ ಬದಿಯಲ್ಲಿ ಹಸಿರು, ಬಿಳಿ ಎರಡೂ ತಂತಿಗಳನ್ನು ತಲಾ 15 ಸಾವಿರ ಓಮ್‌ನ ರೆಸಿಸ್ಟರುಗಳು ನೆಲಕ್ಕೆ, ಎಂದರೆ ಸೊನ್ನೆ ವೋಲ್ಟಿಗೆ, ಮೆಲ್ಲನೆ ಎಳೆದು ಹಿಡಿದಿರುತ್ತವೆ. ರಿಮೋಟಿನ ಒಳಗೆ 1,500 ಓಮ್‌ನ ರೆಸಿಸ್ಟರೊಂದು ಹಸಿರು ತಂತಿಯನ್ನು 3.3 ವೋಲ್ಟಿನ ಕಡೆಗೆ ಎಳೆಯುತ್ತದೆ. ಹಗ್ಗಜಗ್ಗಾಟದಲ್ಲಿ 1,500 ಓಮ್‌ನದೇ ಗೆಲುವು, ಅದರ ಹಿಡಿತ ಹತ್ತು ಪಟ್ಟು ಬಿಗಿ. ಹಸಿರು ತಂತಿ ಮೇಲೇಳುತ್ತದೆ. ಅಷ್ಟೇ, ಯಾರೋ ಬಂದರು ಎಂಬ ಸುದ್ದಿ ಅದು. ಎಳೆದದ್ದು ಹಸಿರನ್ನಾದರೆ ಬಂದವರು ಸೆಕೆಂಡಿಗೆ 1.2 ಕೋಟಿ ಬಿಟ್ ಮಾತಾಡುವವರು. ಬಿಳಿಯನ್ನಾದರೆ ಸೆಕೆಂಡಿಗೆ 15 ಲಕ್ಷ ಬಿಟ್‌ನ ನಿಧಾನಸ್ಥರು, ಹಳೆಯ ಮೌಸ್, ಕೀಬೋರ್ಡುಗಳ ಹಾಗೆ. ಒಂದೇ ಒಂದು ರೆಸಿಸ್ಟರು ಎರಡು ವಿಷಯ ಹೇಳಿಬಿಡುತ್ತದೆ.

ಬಂದವರು ಸರಿಯಾಗಿ ನಿಂತುಕೊಳ್ಳಲಿ ಎಂದು ಕಂಪ್ಯೂಟರು 100 ಮಿಲಿಸೆಕೆಂಡು ಕಾಯುತ್ತದೆ. ಆಮೇಲೆ ಎರಡೂ ತಂತಿಗಳನ್ನು ಕನಿಷ್ಠ 10 ಮಿಲಿಸೆಕೆಂಡು ಕೆಳಕ್ಕೆ ಒತ್ತಿ ಹಿಡಿಯುತ್ತದೆ. ಹಿಂದಿನದೆಲ್ಲ ಮರೆತು ಸೊನ್ನೆಯಿಂದ ಶುರುಮಾಡು ಎಂಬ ಅಪ್ಪಣೆ ಅದು. ಆಮೇಲೆ ಸೊನ್ನೆ ಸಂಖ್ಯೆಯವರನ್ನು ಕರೆದು ಕೇಳುತ್ತದೆ, ನೀನು ಯಾರು ಅಂತ. ಉತ್ತರವಾಗಿ ಬರಬೇಕಾದದ್ದು 18 ಬೈಟ್‌ಗಳ ಒಂದು ಪರಿಚಯಪತ್ರ, ಅದೇ ಡಿವೈಸ್ ಡಿಸ್ಕ್ರಿಪ್ಟರ್. ಅದರಲ್ಲಿ ತಯಾರಿಸಿದ ಕಂಪನಿಯ ಸಂಖ್ಯೆ, ಮಾದರಿಯ ಸಂಖ್ಯೆ ಎಲ್ಲ ಇರುತ್ತವೆ. ಅದನ್ನು ಓದಿಯೇ ಕಂಪ್ಯೂಟರು ಯಾವ ಡ್ರೈವರ್ ಹಾಕಬೇಕೆಂದು ನಿರ್ಧರಿಸುವುದು. ನಮ್ಮ ಲ್ಯಾಪ್‌ಟಾಪ್ ದೂರಿದ್ದು ಆ ಪತ್ರ ಬರಲಿಲ್ಲವೆಂದು. ಡಿವೈಸ್ ಮ್ಯಾನೇಜರಿನಲ್ಲಿ ಕಂಪನಿಯ ಸಂಖ್ಯೆಯ ಜಾಗದಲ್ಲಿ 0000 ಎಂದಿತ್ತು. ಅದು ರಿಮೋಟು ಹೇಳಿದ್ದಲ್ಲ, ಏನೂ ಕೇಳಿಸದೆ ವಿಂಡೋಸೇ ಬರೆದುಕೊಂಡದ್ದು.

ಮಾವ ತಕ್ಷಣ ಹಿಡಿದರು. “ಅಂದ್ರೆ ಹೊಸ ಹುಡುಗ ಬಾಗಿಲಲ್ಲಿ ನಿಂತಿರೋದು ಕಾಣ್ತಿದೆ. ಹೆಸರೇನೋ ಅಂದ್ರೆ ಬಾಯಿ ಬಿಡ್ತಾ ಇಲ್ಲ. ಹಾಗಿದ್ಮೇಲೆ ನಾನು ಮೂರು ದಿನ ಸಾಫ್ಟ್‌ವೇರ್ ಹಾಕಿ ತೆಗೆದಿದ್ದು…”

“ಅದರ ಸರದಿ ಇನ್ನೂ ಬಂದೇ ಇರಲಿಲ್ಲ ಮಾವ.”

ಡ್ರೈವರ್ ಬದಲಾಯಿಸಿ ಎಂಬ ಸಲಹೆ ಇಂಥಲ್ಲಿ ಎಲ್ಲರ ಬಾಯಲ್ಲೂ ಬರುತ್ತದೆ. ಕಂಪನಿಯ ಸಂಖ್ಯೆ ಸರಿಯಾಗಿ ಬಂದು, ಮುಂದಿನ ಹೆಜ್ಜೆಯಲ್ಲಿ ತಡೆಯಾದಾಗ ಮಾತ್ರ ಆ ಸಲಹೆಗೆ ಬೆಲೆ. ಹೆಸರೇ ಹೇಳದವನಿಗೆ ಯಾವ ಪಠ್ಯಪುಸ್ತಕ ಕೊಡುವುದು? ಅಂದಹಾಗೆ, ಇಂಥ ರಿಮೋಟ್‌ಗಳಲ್ಲಿ ಹಲವು ಕೀಬೋರ್ಡು, ಮೌಸ್‌ಗಳ ವರ್ಗಕ್ಕೇ ಸೇರಿದವೆಂದು ತಮ್ಮನ್ನು ಹೇಳಿಕೊಳ್ಳುತ್ತವೆ. ಆ ವರ್ಗದ ಡ್ರೈವರ್ ಎಲ್ಲ ಕಂಪ್ಯೂಟರಿನಲ್ಲೂ ಮೊದಲೇ ಇರುತ್ತದೆ.

ನನ್ನ ಲ್ಯಾಪ್‌ಟಾಪಿನಲ್ಲಿ ಲಿನಕ್ಸ್ ಇದೆ. ಅದಕ್ಕೂ ಚುಚ್ಚಿ ಅದರ ದಿನಚರಿಯನ್ನು ಓದಿದೆ. ‘ನ್ಯೂ ಫುಲ್ ಸ್ಪೀಡ್ ಯುಎಸ್‌ಬಿ ಡಿವೈಸ್’ ಎಂದು ಮೊದಲ ಸಾಲು. ಅದರ ಕೆಳಗೆ ಡಿಸ್ಕ್ರಿಪ್ಟರ್ ಓದುವಲ್ಲಿ ಎರರ್ ಮೈನಸ್ 71, ಮತ್ತೆ ಮೈನಸ್ 71, ಕೊನೆಗೆ ಕೈಚೆಲ್ಲಿದ ಸಾಲು. ಈ ಅಂಕಿಗಳಿಗೆ ಅರ್ಥವಿದೆ. ಮೈನಸ್ 110 ಎಂದಿದ್ದರೆ ಕಾದು ಕಾದು ಸಾಕಾಯಿತು, ಉತ್ತರವಿಲ್ಲ ಎಂದು. ಮೈನಸ್ 71 ಎಂದರೆ ಸಂಭಾಷಣೆಯ ನಿಯಮವೇ ಮುರಿಯಿತು, ತಂತಿಯ ಮಟ್ಟದಲ್ಲೇ ಏನೋ ಕೆಟ್ಟಿದೆ ಎಂದು. ಎರಡು ಕಂಪ್ಯೂಟರು, ಎರಡು ಬೇರೆ ತಂತ್ರಾಂಶ, ದೂರು ಒಂದೇ. ಸಂಶಯವೆಲ್ಲ ರಿಮೋಟಿನ ಮೇಲೆ ಬಂದು ನಿಂತಿತು.

ಆ ಮೊದಲ ಸಾಲನ್ನು ಮತ್ತೊಮ್ಮೆ ನೋಡಿ. ‘ಫುಲ್ ಸ್ಪೀಡ್’ ಎಂದು ಅದಕ್ಕೆ ಗೊತ್ತಾದದ್ದು ಹೇಗೆ? ಹಸಿರು ತಂತಿ ಮೇಲೆದ್ದಿದ್ದರಿಂದ. ಅಂದರೆ ಕೆಂಪು ಸರಿಯಿದೆ, ಕಪ್ಪು ಸರಿಯಿದೆ, ಹಸಿರು ಸರಿಯಿದೆ. ಆದರೆ ಮಾತಾಡುವಾಗ ಯುಎಸ್‌ಬಿಗೆ ಒಂದು ತಂತಿ ಸಾಲದು. ಹಸಿರು ಏರಿದರೆ ಬಿಳಿ ಇಳಿಯಬೇಕು, ಬಿಳಿ ಏರಿದರೆ ಹಸಿರು ಇಳಿಯಬೇಕು. ಕೇಳುವವರು ಇವೆರಡರ ನಡುವಿನ ವ್ಯತ್ಯಾಸವನ್ನಷ್ಟೇ ಓದುತ್ತಾರೆ. ಹೊರಗಿನ ಗದ್ದಲ, ಪಕ್ಕದ ಮಿಕ್ಸಿಯದೋ ಫ್ಯಾನಿನ ರೆಗ್ಯುಲೇಟರಿನದೋ, ಹೆಣೆದುಕೊಂಡ ಎರಡೂ ತಂತಿಗೆ ಸಮನಾಗಿ ತಾಗುವುದರಿಂದ ವ್ಯತ್ಯಾಸದಲ್ಲಿ ಅದು ಕಳೆದುಹೋಗುತ್ತದೆ. ಒಂದು ಬಿಟ್‌ಗೆ ಸಿಗುವ ಸಮಯ ಸುಮಾರು 83 ನ್ಯಾನೊಸೆಕೆಂಡು. ಅಷ್ಟರಲ್ಲಿ ಬೆಳಕು ಹೋಗುವ ದೂರ 25 ಮೀಟರು. ಈ ವೇಗದಲ್ಲಿ ಬಿಳಿ ತಂತಿ ಜೊತೆಗೆ ನಿಲ್ಲದಿದ್ದರೆ ಹಸಿರು ಒಂದೇ ಏನು ಹೇಳಿದರೂ ಅರ್ಥವಾಗುವುದಿಲ್ಲ. ರಿಮೋಟಿನ ಚಿಪ್ ಕೆಟ್ಟಿದ್ದರೂ ಇದೇ ದೂರು ಬರಬಹುದಿತ್ತು, ಅದನ್ನು ತಳ್ಳಿಹಾಕುವಂತಿರಲಿಲ್ಲ. ಆದರೆ ಮೊದಲು ನೋಡಬೇಕಾದದ್ದು ಬಿಳಿ ತಂತಿಯ ದಾರಿಯನ್ನು. ಪ್ಲಗ್ಗನ್ನು ಹೆಬ್ಬೆರಳಿನಿಂದ ಹಗುರಾಗಿ ಒಂದು ಕಡೆಗೆ ಒತ್ತಿದೆ. ಸದ್ದು ಬಂತು, ಹೋಯಿತು, ಮತ್ತೆ ಬಂತು. ಒಂದು ಕ್ಷಣ ರಿಮೋಟಿನ ಮಾದರಿಯ ಹೆಸರು ಪರದೆಯ ಮೇಲೆ ಮಿಂಚಿ ಮಾಯವಾಯಿತು.

“ಒತ್ತಿ ಹಿಡ್ಕೊಂಡೇ ಪ್ರೋಗ್ರಾಂ ಹಾಕಿಬಿಡೋಣ ಕಣಮ್ಮ, ನಾನು ಹಿಡ್ಕೋತೀನಿ” ಎಂದರು ಮಾವ.

ಬೇಡವೆಂದೆ. ಇದನ್ನು ಓದುವವರೂ ದಯವಿಟ್ಟು ಆ ಸಾಹಸ ಮಾಡಬೇಡಿ. ರಿಮೋಟಿನ ನೆನಪು ಇರುವುದು ಫ್ಲಾಶ್ ಚಿಪ್ಪಿನಲ್ಲಿ. ಸ್ಲೇಟಿನ ಒಂದೊಂದೇ ಅಕ್ಷರ ತಿದ್ದಿದಂತೆ ಅದನ್ನು ತಿದ್ದಲಾಗುವುದಿಲ್ಲ. ಒಂದು ಇಡೀ ಭಾಗವನ್ನು ಮೊದಲು ಅಳಿಸಿ ಆಮೇಲೆ ಬರೆಯಬೇಕು. ಅಳಿಸಿ ಬರೆಯುವ ನಡುವೆ ಸಂಪರ್ಕ ಕಡಿದರೆ ಹಳೆಯದೂ ಇಲ್ಲ, ಹೊಸದೂ ಇಲ್ಲ. ರಿಮೋಟಿನ ಮೂಲ ತಂತ್ರಾಂಶವನ್ನೇ ಹೊಸದಾಗಿ ಬರೆಯುತ್ತಿರುವಾಗ ಹಾಗಾದರೆ ಅದು ಮತ್ತೆ ಏಳದೆಯೇ ಹೋಗಬಹುದು.

ರಿಮೋಟಿಗೂ ಕಂಪ್ಯೂಟರಿಗೂ ನಂಟು ಹಾಕುವ ಆಸೆ ಇಂದಿನದಲ್ಲ. ಆಪಲ್ ಕಂಪನಿ ಕಟ್ಟಿದವರಲ್ಲಿ ಒಬ್ಬರಾದ ಸ್ಟೀವ್ ವೋಜ್ನಿಯಾಕ್ ಅಲ್ಲಿಂದ ಹೊರಬಂದಮೇಲೆ ಸಿಎಲ್ 9 ಎಂಬ ಪುಟ್ಟ ಕಂಪನಿ ಮಾಡಿ, 1987ರಲ್ಲಿ ‘ಕೋರ್’ ಎಂಬ ರಿಮೋಟನ್ನು ಮಾರುಕಟ್ಟೆಗೆ ತಂದರು. ಬೇರೆ ರಿಮೋಟ್‌ಗಳ ಸಂಕೇತಗಳನ್ನು ನೋಡಿ ಕಲಿಯುತ್ತಿದ್ದ ಅದನ್ನು ಕಂಪ್ಯೂಟರಿಗೂ ಜೋಡಿಸಬಹುದಿತ್ತು. 1998ರಲ್ಲಿ ಫಿಲಿಪ್ಸ್ ಕಂಪನಿಯ ‘ಪ್ರಾಂಟೊ’ ಬಂತು, ಮುಟ್ಟುವ ಪರದೆಯೊಂದಿಗೆ. ಅದರದು ಸೀರಿಯಲ್ ಕೇಬಲ್. ಇವೆಲ್ಲಕ್ಕಿಂತ ನನ್ನ ಮನಸ್ಸಿಗೆ ಹತ್ತಿರವಾದ ಕಥೆ ‘ಒನ್ ಫಾರ್ ಆಲ್’ ರಿಮೋಟ್‌ಗಳದು. ಅವುಗಳ ಸೆಲ್ ಹಾಕುವ ಗುಂಡಿಯೊಳಗೆ ಆರು ಪಿನ್ನುಗಳ ಒಂದು ಜಾಗವಿತ್ತು, ಬೋರ್ಡಿನ ಮೇಲೆ ‘ಜೆಪಿ1’ ಎಂದು ಅಚ್ಚಾಗಿತ್ತು. ಕುತೂಹಲಿಗಳು ಆ ಪಿನ್ನುಗಳ ಮೂಲಕ ರಿಮೋಟಿನ ನೆನಪಿನ ಚಿಪ್ಪನ್ನು ಓದುವುದನ್ನೂ ಬರೆಯುವುದನ್ನೂ ತಾವೇ ಕಂಡುಕೊಂಡರು, ಕಂಪ್ಯೂಟರಿನ ಪ್ರಿಂಟರ್ ಪೋರ್ಟಿಗೆ ಸೇರುವ ಕೇಬಲ್ಲನ್ನು ಮನೆಯಲ್ಲೇ ಬೆಸೆದುಕೊಂಡರು.

ಸೀರಿಯಲ್ ಕೇಬಲ್ಲಿನ ಕಾಲದಲ್ಲಿ ಕೆಡುಕು ಹುಡುಕುವುದು ಇದಕ್ಕಿಂತ ಕಷ್ಟ. ಅಲ್ಲಿ ‘ನೀನು ಯಾರು’ ಎಂಬ ಪ್ರಶ್ನೆಯೇ ಇರಲಿಲ್ಲ. ಎರಡೂ ಬದಿಯವರು ಮೊದಲೇ ಒಂದೇ ವೇಗಕ್ಕೆ ಒಪ್ಪಿಕೊಂಡಿರಬೇಕು, ಒಬ್ಬರ ಬಾಯಿಯ ತಂತಿ ಇನ್ನೊಬ್ಬರ ಕಿವಿಗೆ ಹೋಗಿರಬೇಕು. ತಪ್ಪಿದರೆ ಕಸಕಡ್ಡಿ ಅಕ್ಷರಗಳು, ಇಲ್ಲವೇ ಮೌನ. ಈ ಪಾಡನ್ನು ತಪ್ಪಿಸಲೆಂದೇ ಯುಎಸ್‌ಬಿ ಹುಟ್ಟಿತು. 1996ರಲ್ಲಿ ಅದರ ಮೊದಲ ಆವೃತ್ತಿ ಹೊರಬಂತು. ಅದನ್ನು ರೂಪಿಸಿದವರಲ್ಲಿ ಪ್ರಮುಖರು ಇಂಟೆಲ್‌ನಲ್ಲಿದ್ದ ಅಜಯ್ ಭಟ್, ಬರೋಡಾದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ ಓದಿದವರು. ಮನೆಯಲ್ಲಿ ಪ್ರಿಂಟರ್ ಜೋಡಿಸಲು ಹೆಂಡತಿ ಪಡುತ್ತಿದ್ದ ಕಷ್ಟವೂ ಈ ಯೋಚನೆಗೆ ಒಂದು ಕಾರಣವೆಂದು ಅವರು ಹೇಳಿಕೊಂಡಿದ್ದಾರೆ. ಬಂದವರನ್ನೇ ಹೆಸರು ಕೇಳಿ ಸಂಖ್ಯೆ ಕೊಡುವ ಏರ್ಪಾಡು ಹಾಗೆ ಬಂದದ್ದು, ಆ ಏರ್ಪಾಡೇ ಇವತ್ತು ನಮಗೆ ಮೈನಸ್ 71 ಎಂಬ ಸುಳಿವನ್ನೂ ಕೊಟ್ಟದ್ದು.

ಸೆಲ್ ತೆಗೆದು, ನಾಲ್ಕು ಸ್ಕ್ರೂ ಬಿಚ್ಚಿ, ಹಳೆಯ ಏಟಿಎಂ ಕಾರ್ಡೊಂದನ್ನು ಅಂಚಿನ ಸಂದಿಯಲ್ಲಿ ತೂರಿಸಿ ಮೆಲ್ಲನೆ ಜಾರಿಸಿದಾಗ ರಿಮೋಟಿನ ಮೈ ಎರಡು ಹೋಳಾಯಿತು. ಸಾಕೆಟ್ಟಿನ ಹಿಂದೆ ಕೂದಲೆಳೆಯಂಥ ಐದು ಕಾಲುಗಳು ಬೋರ್ಡಿಗೆ ಬೆಸೆದುಕೊಂಡಿದ್ದವು. ಮಾವ ಪಂಚಾಂಗ ಓದಲು ಇಟ್ಟುಕೊಂಡಿದ್ದ ಭೂತಗನ್ನಡಿ ಹಿಡಿದು ನೋಡಿದೆ. ನಾಲ್ಕು ಕಾಲುಗಳ ಬುಡದಲ್ಲಿ ಸೀಸ ಹೊಳೆಯುತ್ತ ಅಂಟಿಕೊಂಡಿತ್ತು. ಎರಡನೆಯ ಕಾಲಿನ ಬುಡದ ಸುತ್ತ ಮಾತ್ರ ತೆಳುವಾದ ಕಪ್ಪು ಗೆರೆ, ಒಣಗಿದ ಕೆರೆಯಂಗಳದ ಬಿರುಕಿನ ಹಾಗೆ. ಎರಡನೆಯ ಕಾಲು ಎಂದರೆ ಬಿಳಿ ತಂತಿಯದು. ಮೀಟರಿನ ಒಂದು ಕಡ್ಡಿಯನ್ನು ಕಾಲಿಗೂ ಇನ್ನೊಂದನ್ನು ಅದೇ ದಾರಿಯಲ್ಲಿ ಮುಂದಿದ್ದ ರೆಸಿಸ್ಟರಿಗೂ ಮುಟ್ಟಿಸಿದೆ. ಮೌನ. ಕಾಲನ್ನು ಸೂಜಿಯಿಂದ ಒತ್ತಿದೆ. ಕೂಗಿತು. ಬಿಟ್ಟೆ. ಮೌನ. ಮಾವ ನನ್ನ ಕೈಯಿಂದ ಸೂಜಿ ತೆಗೆದುಕೊಂಡು ತಾವೂ ನಾಲ್ಕು ಸಲ ಒತ್ತಿ ನೋಡಿದರು.

ಮಾರನೆಯ ದಿನ ಮೊಬೈಲ್ ರಿಪೇರಿ ಅಂಗಡಿಯೊಂದಕ್ಕೆ ಒಯ್ದೆವು. ಅಲ್ಲಿನ ಹುಡುಗ ಒಂದು ನೋಟದಲ್ಲೇ ಹೇಳಿದ: “ಡ್ರೈ ಸೋಲ್ಡರ್ ಮೇಡಂ. ಬಾಡಿ ಲೂಸಾಗಿದೆ ನೋಡಿ, ಕೇಬಲ್ ಎಳೆದಾಗೆಲ್ಲ ಜೋರು ಪಿನ್ ಮೇಲೆ ಬಿದ್ದಿದೆ.” ಅವನೆಂದದ್ದು ಸರಿ. ಸಾಕೆಟ್ಟಿನ ಲೋಹದ ಕವಚಕ್ಕೆ ಬೇರೆಯೇ ದಪ್ಪ ಕಾಲುಗಳಿವೆ, ಎಳೆತವನ್ನು ತಾಳಿಕೊಳ್ಳಬೇಕಾದವು ಅವು. ಅವು ಸಡಿಲವಾದರೆ ಇಡೀ ಭಾರ ಆ ಕೂದಲೆಳೆಗಳ ಮೇಲೆ ಬೀಳುತ್ತದೆ. ಈ ಮಿನಿ ಯುಎಸ್‌ಬಿ ಮೂತಿ 5,000 ಸಲ ಹಾಕಿ ತೆಗೆಯುವುದಕ್ಕೆ ಬಾಳಿಕೆ ಬರುವಂತೆ ರೂಪಿಸಿದ್ದು, ಆದರೆ ಓರೆಯಾಗಿ ಎಳೆಯುವ ಕೈಗೆ ಆ ಲೆಕ್ಕ ಅನ್ವಯಿಸುವುದಿಲ್ಲ. ಹುಡುಗ ಮೊದಲು ಕವಚದ ಕಾಲುಗಳನ್ನು ಭದ್ರಮಾಡಿದ. ಆಮೇಲೆ ಎರಡನೆಯ ಕಾಲಿಗೆ ಒಂದು ಚುಕ್ಕಿ ಪೇಸ್ಟ್ ಹಚ್ಚಿ, ಐರನ್ನಿನ ಮೊನೆಯನ್ನು ಎರಡು ಸೆಕೆಂಡು ಇಟ್ಟ. ಸೀಸ ಕರಗಿ, ಬಿರುಕನ್ನು ನುಂಗಿ, ಕಾಲಿನ ಸುತ್ತ ಹೊಳೆಯುತ್ತ ಕೂತಿತು.

ಮನೆಗೆ ಬಂದು ಚುಚ್ಚಿದೆವು. ಸದ್ದು ಬಂತು, ಹೆಸರೂ ಬಂತು. ತಂತ್ರಾಂಶ ರಿಮೋಟನ್ನು ಗುರುತಿಸಿತು, ನಾಲ್ಕು ಯಂತ್ರಗಳ ಮಾದರಿ ಸಂಖ್ಯೆಗಳನ್ನು ಮಾವ ಕನ್ನಡಕ ಏರಿಸಿಕೊಂಡು ಓದಿ ಹೇಳಿದರು, ಐದು ನಿಮಿಷದಲ್ಲಿ ಎಲ್ಲ ತುಂಬಿತು. ಇಲ್ಲಿಂದಾಚೆ ತೊಂದರೆ ಬಂದರೆ ಕೇಬಲ್ಲನ್ನು ಅನುಮಾನಿಸಬೇಕಾಗಿಲ್ಲ, ಕೆಡುಕು ಬೆಳಕಿನ ಬದಿಯಲ್ಲಿರುತ್ತದೆ.

ಬಂತು ಕೂಡ. ಟಿ.ವಿ., ಸೆಟ್‌ಟಾಪ್ ಬಾಕ್ಸ್, ಸಿ.ಡಿ. ಪ್ಲೇಯರ್ ಎದ್ದವು, ಆಂಪ್ಲಿಫೈಯರ್ ಏಳಲಿಲ್ಲ. ರಿಮೋಟಿನ ಮೂತಿಯನ್ನು ಮೊಬೈಲಿನ ಸೆಲ್ಫಿ ಕ್ಯಾಮೆರಾಕ್ಕೆ ಹಿಡಿದು ಬಟನ್ ಒತ್ತಿದೆ. ನಮ್ಮ ಕಣ್ಣಿಗೆ ಕಾಣದ ಅವಕೆಂಪು ಬೆಳಕು ಪರದೆಯ ಮೇಲೆ ನಸುನೇರಳೆಯಾಗಿ ಮಿಟುಕಿತು. ಮಾತು ಹೊರಡುತ್ತಿದೆ, ಆದರೆ ಆಂಪ್ಲಿಫೈಯರಿನ ಭಾಷೆಯಲ್ಲಿ ಅಲ್ಲ. ಒಂದೊಂದು ಕಂಪನಿಗೆ ಒಂದೊಂದು ನುಡಿಗಟ್ಟು. ಎನ್‌ಇಸಿ ಎಂಬ ಪದ್ಧತಿಯಲ್ಲಾದರೆ ಸೆಕೆಂಡಿಗೆ 38 ಸಾವಿರ ಸಲ ಮಿಣುಕುವ ಬೆಳಕನ್ನು ಮೊದಲು 9 ಮಿಲಿಸೆಕೆಂಡು ಬಿಡುತ್ತಾರೆ, 4.5 ಮಿಲಿಸೆಕೆಂಡು ನಿಲ್ಲಿಸುತ್ತಾರೆ, ಆಮೇಲೆ 32 ಬಿಟ್‌ಗಳು. ಫಿಲಿಪ್ಸ್‌ನ ಆರ್‌ಸಿ-5 ಪದ್ಧತಿಯ ತಾಳವೇ ಬೇರೆ, 36 ಸಾವಿರ ಮಿಣುಕು, 14 ಬಿಟ್. ತಂತ್ರಾಂಶದ ಪಟ್ಟಿಯಲ್ಲಿದ್ದ ಮಾದರಿ ನಮ್ಮ ಹಳೆಯ ಆಂಪ್ಲಿಫೈಯರಿಗೆ ಹೊಂದಿರಲಿಲ್ಲ. ಅದರ ಮೂಲ ರಿಮೋಟನ್ನು ಹೊಸದರ ಎದುರಿಗೆ ಮುಖಾಮುಖಿ ಇಟ್ಟು, ಆನ್, ಆಫ್, ವಾಲ್ಯೂಮ್ ಬಟನ್ನುಗಳನ್ನು ಒಂದೊಂದಾಗಿ ಒತ್ತಿ ಕಲಿಸಿದೆವು. ಇಡೀ ಜೋಡಣೆಯ ಒಂದು ಪ್ರತಿಯನ್ನು ಲ್ಯಾಪ್‌ಟಾಪಿನಲ್ಲಿ ಉಳಿಸಿ, ಇನ್ನೊಂದನ್ನು ಪೆನ್‌ಡ್ರೈವಿಗೆ ಹಾಕಿ ಮಾವನ ಬೀರುವಿನಲ್ಲಿಟ್ಟೆ. ಬ್ಲೂಟೂತ್ ಸ್ಪೀಕರಿನ ಆ ಕೇಬಲ್ಲಿಗೆ ಅವರು ಬಿಳಿ ಪ್ಲಾಸ್ಟರ್ ಸುತ್ತಿ, ಬಾಲ್‌ಪೆನ್ನಿನಲ್ಲಿ ‘ಚಾರ್ಜಿಗೆ ಮಾತ್ರ’ ಎಂದು ಬರೆದರು.

ಆಮೇಲೆ ರಿಮೋಟನ್ನು ಅತ್ತೆಯ ಕೈಗೆ ಕೊಟ್ಟರು. ಅವರು ಬೆರಳಿನಿಂದ ತಡವಿ, ಮೇಲಿನ ದೊಡ್ಡ ಬಟನ್ನನ್ನು ಹುಡುಕಿ ಒತ್ತಿದರು. ಆಂಪ್ಲಿಫೈಯರಿನ ಕೆಂಪು ದೀಪ ಹಸಿರಾಯಿತು, ಸಿ.ಡಿ. ಗಿರ್ರನೆ ತಿರುಗಿತು, ದೊರೆಸ್ವಾಮಿ ಅಯ್ಯಂಗಾರರ ವೀಣೆ ಶುರುವಾಯಿತು. “ಸ್ವಲ್ಪ ಜೋರು ಮಾಡೋದು ಯಾವುದೇ?” ಎಂದು ಕೇಳಿದರು. ಅವರ ಬೆರಳನ್ನು ಹಿಡಿದು ಪಕ್ಕದ ಬಟನ್ನಿನ ಮೇಲಿಟ್ಟೆ.